ನಾಚಿಕೆ ಯಾರದ್ದು?

ಇಂಗ್ಲಿಷ್ ವ್ಯಾಕರಣದಲ್ಲಿ ‘ಫುಲ್’ ಮತ್ತು ‘ಲೆಸ್’ ಎಂಬ ಎರಡು ಪ್ರತ್ಯಯಗಳನ್ನು ಕಲಿಸುವುದು ಬಹಳ ಸುಲಭ. ‘ಕೇರ್‌ಫುಲ್’ ಎಂದರೆ ಎಚ್ಚರಿಕೆಯುಳ್ಳ, ‘ಕೇರ್‌ಲೆಸ್’ ಎಂದರೆ ಎಚ್ಚರಿಕೆಯಿಲ್ಲದ. ‘ಫಿಯರ್‌ಫುಲ್’ ಹೆದರುವವನಾದರೆ ‘ಫಿಯರ್‌ಲೆಸ್’ ಹೆದರದವನು. ಕರಿಹಲಗೆಯ ಮೇಲೆ ಎರಡು ಸಾಲು ಮಾಡಿ ಬರೆದುಬಿಟ್ಟರೆ ಮಕ್ಕಳು ತಾವಾಗಿಯೇ ಜೋಡಿ ಹೇಳುತ್ತಾ ಹೋಗುತ್ತಾರೆ. ಗಾಡಿ ನಿಲ್ಲುವುದು ‘ಶೇಮ್‌ಫುಲ್’, ‘ಶೇಮ್‌ಲೆಸ್’ ಎಂಬ ಜೋಡಿಯ ಹತ್ತಿರ. ಒಂದರಲ್ಲಿ ನಾಚಿಕೆ ತುಂಬಿಕೊಂಡಿದೆ, ಇನ್ನೊಂದರಲ್ಲಿ ನಾಚಿಕೆಯೇ ಇಲ್ಲ. ಹಾಗಿದ್ದೂ ಎರಡೂ ಬೈಗುಳವೇ. ಲಂಚ ತಿನ್ನುವುದು ಶೇಮ್‌ಫುಲ್ ಕೆಲಸ; ತಿಂದವನು ಶೇಮ್‌ಲೆಸ್ ಮನುಷ್ಯ. “ಇದು ಹೇಗೆ ಮೇಡಂ, ಆಪೋಸಿಟ್ ಆಗ್ಬೇಕಿತ್ತಲ್ವಾ?” ಎಂದು ಕೇಳುವ ಮಕ್ಕಳು ಆಗಾಗ ಸಿಗುತ್ತಾರೆ. ಹಾಗೆ ಕೇಳಿದ ಮಗುವಿಗೆ ಮನಸ್ಸಿನಲ್ಲೇ ಪೂರ್ಣಾಂಕ ಕೊಟ್ಟುಬಿಡುತ್ತೇನೆ.

ಉತ್ತರ ಇಷ್ಟೆ. ‘ಶೇಮ್‌ಫುಲ್’ ಎನ್ನುವುದು ಕೆಲಸಕ್ಕೆ ಅಂಟಿದ ಮಾತು. ನೋಡಿದವರು ಹೊರಗೆ ನಿಂತು ಆಡುವ ಮಾತು. ‘ಶೇಮ್‌ಲೆಸ್’ ಎನ್ನುವುದು ಮನುಷ್ಯನ ಒಳಗೆ ಹಣಕಿ ನೋಡಿ, ಅಲ್ಲಿರಬೇಕಾದ ಒಂದು ವಸ್ತು ಇಲ್ಲವೆಂದು ಹೇಳುವ ಮಾತು. ನಾಚಿಕೆ ಹೊರಗೂ ಇದೆ, ಒಳಗೂ ಇದೆ. ಕೆಲಸದಲ್ಲಿ ನಾಚಿಕೆ ತುಂಬಿತ್ತು, ಮಾಡಿದವನಲ್ಲಿ ಮಾತ್ರ ಇರಲಿಲ್ಲ. ನಮ್ಮ ಕನ್ನಡ ಈ ಗಂಟನ್ನು ಒಂದೇ ಧಾತುವಿನಿಂದ ಬಿಡಿಸಿದೆ. ನಾಚಿಕೆಗೇಡಿನ ಕೆಲಸ, ನಾಚಿಕೆಗೆಟ್ಟ ಮನುಷ್ಯ. ಎರಡು ಕಡೆಯೂ ಕೆಟ್ಟಿರುವುದು ನಾಚಿಕೆಯೇ. ಅಂದರೆ ನಾಚಿಕೆ ಎಂಬುದು ಕೆಡಬಾರದ ಒಂದು ಒಳ್ಳೆಯ ಪದಾರ್ಥ, ಹಾಲಿನ ಹಾಗೆ. ಇಷ್ಟನ್ನು ಹೇಳಿದ ಮೇಲೆ ಮಕ್ಕಳು ಜೋಡಿಯನ್ನು ಮರೆಯುವುದಿಲ್ಲ.

ಆದರೆ ಇದು ಬರೀ ಪ್ರತ್ಯಯದ ಪ್ರಶ್ನೆಯಲ್ಲ. ನಾಚಿಕೆ, ಅವಮಾನ, ಅಪಕೀರ್ತಿಗಳನ್ನು ಹೇಳಲು ಇಂಗ್ಲಿಷಿನಲ್ಲಿ ಹತ್ತಾರು ಶಬ್ದಗಳಿವೆ. ಶೇಮ್, ಡಿಸ್‌ಗ್ರೇಸ್, ಡಿಸ್‌ಆನರ್, ಇಗ್ನೊಮಿನಿ, ಇನ್ಫಮಿ, ಸ್ಟಿಗ್ಮಾ, ಸ್ಕ್ಯಾಂಡಲ್, ಹ್ಯುಮಿಲಿಯೇಶನ್, ಎಂಬರಾಸ್‌ಮೆಂಟ್. ಮಕ್ಕಳು ಕೊಳ್ಳುವ ಗೈಡುಗಳಲ್ಲಿ ಇವುಗಳ ಮುಂದೆ ಒಂದೋ ‘ಅವಮಾನ’ ಎಂದಿರುತ್ತದೆ, ಇಲ್ಲವೇ ‘ನಾಚಿಕೆಗೇಡು’ ಎಂದಿರುತ್ತದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಅದು ಸಾಕು. ಇಂಗ್ಲಿಷಿನ ದೊಡ್ಡ ಕಾದಂಬರಿಗಳನ್ನು ಓದುವುದಕ್ಕೆ ಸಾಲದು. ಏಕೆಂದರೆ ಆ ಕಾದಂಬರಿಗಳ ಜಗಳವೆಲ್ಲ ಈ ಶಬ್ದಗಳ ನಡುವಿನ ಜಗಳವೇ. ಒಂದೊಂದು ಶಬ್ದ ಬಂದಾಗಲೂ ‘ಇದು ಯಾರದ್ದು, ಎಲ್ಲಿಂದ ಬಂತು?’ ಎಂದು ಕೇಳಬೇಕು. ಹಾಗೆ ಕೇಳದಿದ್ದರೆ ಕಥೆಯ ಅರ್ಧ ಭಾಗ ಕೈತಪ್ಪಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಹೊರಗಿನಿಂದ ಬರುವ ಶಬ್ದಗಳನ್ನು ನೋಡೋಣ. ‘ಇಗ್ನೊಮಿನಿ’ ಲ್ಯಾಟಿನ್ ಮೂಲದ್ದು. ಅದರ ಹೊಟ್ಟೆಯಲ್ಲಿರುವುದು ‘ನೋಮೆನ್’, ಅಂದರೆ ಹೆಸರು. ಹೆಸರನ್ನು ಕಳೆದುಕೊಳ್ಳುವುದೇ ಇಗ್ನೊಮಿನಿ. ‘ಹೆಸರು ಕೆಟ್ಟಿತು’ ಎಂದು ನಾವು ಹೇಳುವುದಿಲ್ಲವೆ, ಅದೇ. ‘ಇನ್ಫಮಿ’ಯಲ್ಲಿರುವುದು ‘ಫಾಮಾ’, ಜನರ ಬಾಯಿಯ ಮಾತು. ಪ್ರಾಚೀನ ರೋಮಿನಲ್ಲಿ ಇದು ಕಾನೂನಿನ ಶಬ್ದವಾಗಿತ್ತು. ನಟರಿಗೆ, ಮಲ್ಲಕಾಳಗದ ಗ್ಲಾಡಿಯೇಟರುಗಳಿಗೆ ಈ ಮುದ್ರೆ ಬಿದ್ದಿರುತ್ತಿತ್ತು, ಕೆಲವು ಪೌರ ಹಕ್ಕುಗಳು ಅವರಿಗೆ ಇರುತ್ತಿರಲಿಲ್ಲ. ಅವರು ನಾಚಿಕೊಂಡರೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಮರುದಿನದ ಭಾಷಣದ ಕರಡಿನಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್, ಆ ದಿನ ಪ್ರಪಂಚದ ಇತಿಹಾಸದಲ್ಲಿ ಉಳಿಯುತ್ತದೆ ಎಂಬರ್ಥದ ಮಾತು ಬರೆಸಿದ್ದರು. ಆಮೇಲೆ ‘ಇತಿಹಾಸ’ವನ್ನು ಹೊಡೆದು ತಮ್ಮ ಕೈಯಿಂದಲೇ ‘ಇನ್ಫಮಿ’ ಎಂದು ತಿದ್ದಿದರು. ಒಂದು ಶಬ್ದದ ತಿದ್ದುಪಡಿಯಿಂದ ಘಟನೆ ಆರೋಪವಾಯಿತು. ಅಂದಹಾಗೆ ‘ಇನ್ಫಮಸ್’ ಎಂಬುದನ್ನು ‘ಇನ್‌ಫೇಮಸ್’ ಎಂದು ಉಚ್ಚರಿಸಿ ‘ಬಹಳ ಪ್ರಸಿದ್ಧ’ ಎಂಬರ್ಥದಲ್ಲಿ ಬಳಸುವವರಿದ್ದಾರೆ. ಸನ್ಮಾನ ಸಭೆಗಳಲ್ಲಿ ಈ ಶಬ್ದದಿಂದ ದೂರವಿರುವುದು ಕ್ಷೇಮ.

‘ಡಿಸ್‌ಗ್ರೇಸ್’ ಎಂದರೆ ಗ್ರೇಸ್ ತಪ್ಪುವುದು, ಕೃಪೆ ತಪ್ಪುವುದು. ಅರಮನೆಗಳಿದ್ದ ಕಾಲದ ಶಬ್ದ. ದೊರೆ ಮುಖ ತಿರುಗಿಸಿಕೊಂಡರೆ ಆಸ್ಥಾನಿಕ ಡಿಸ್‌ಗ್ರೇಸಿಗೆ ಬಿದ್ದ ಎಂದೇ ಲೆಕ್ಕ. ಅವನು ತಪ್ಪು ಮಾಡಿರಬಹುದು, ಮಾಡದೆಯೂ ಇರಬಹುದು. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಶಬ್ದ ‘ಅವಕೃಪೆ’. ಇಟಾಲಿಯನ್ ಭಾಷೆಯಲ್ಲಿ ಇದೇ ಕುಲದ ‘ದಿಸ್‌ಗ್ರಾತ್ಸಿಯಾ’ ಇಂದಿಗೂ ದುರದೃಷ್ಟ, ಆಪತ್ತು ಎಂಬ ಅರ್ಥವನ್ನೇ ಕೊಡುತ್ತದೆ. ‘ಸ್ಟಿಗ್ಮಾ’ ಗ್ರೀಕರಲ್ಲಿ ಮೈಮೇಲೆ ಚುಚ್ಚಿದ ಗುರುತು. ಚುಚ್ಚುವ ಕೈ ಬೇರೆಯವರದು, ಚುಚ್ಚಿಸಿಕೊಳ್ಳುವ ಚರ್ಮ ಮಾತ್ರ ನಮ್ಮದು. ‘ಹ್ಯುಮಿಲಿಯೇಶನ್’ ಶಬ್ದದ ಬೇರಿನಲ್ಲಿ ‘ಹ್ಯೂಮಸ್’ ಇದೆ, ಅಂದರೆ ಮಣ್ಣು. ನಮ್ಮ ‘ಮಣ್ಣು ಮುಕ್ಕಿಸು’ ಎಂಬ ಮಾತಿಗೂ ಇದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೂ ಎರಡು ದೇಶದ ಜನ ಒಂದೇ ನೆಲಕ್ಕೆ ಕೈತೋರಿಸಿದ್ದಾರೆ. ಅದೇ ಮಣ್ಣಿನಿಂದ ‘ಹ್ಯುಮಿಲಿಟಿ’, ಎಂದರೆ ವಿನಯವೂ ಹುಟ್ಟಿದೆ. ತಾನಾಗಿ ಬಗ್ಗಿದರೆ ವಿನಯ, ಇನ್ನೊಬ್ಬರು ಕತ್ತು ಹಿಡಿದು ಬಗ್ಗಿಸಿದರೆ ಅವಮಾನ.

‘ಡಿಸ್‌ಆನರ್’ ಶಬ್ದ ಇಂದು ನಮ್ಮ ಊರುಗಳಲ್ಲಿ ಹೆಚ್ಚು ಕೇಳಿಬರುವುದು ಬ್ಯಾಂಕಿನಲ್ಲಿ. ಖಾತೆಯಲ್ಲಿ ಹಣವಿಲ್ಲದೆ ಹಿಂದಕ್ಕೆ ಬಂದ ಚೆಕ್ಕು ‘ಡಿಸ್‌ಆನರ್’ ಆದ ಚೆಕ್ಕು. 1881ರ ಚೆಕ್ಕು-ಹುಂಡಿಗಳ ಕಾಯ್ದೆಗೆ 1988ರಲ್ಲಿ ತಿದ್ದುಪಡಿಯಾಗಿ 138ನೆಯ ಕಲಮು ಸೇರಿ, 1989ರ ಏಪ್ರಿಲ್ 1ರಿಂದ ಇದು ಶಿಕ್ಷೆಯಾಗಬಲ್ಲ ಅಪರಾಧವಾಯಿತು. ಕೊಟ್ಟ ಮಾತಿಗೆ ಬೆಲೆ ಬರಲಿಲ್ಲ ಎಂಬ ಹಳೆಯ ಅರ್ಥ ಇಲ್ಲಿ ಶುದ್ಧವಾಗಿಯೇ ಉಳಿದಿದೆ. ಅವಮಾನಿತವಾಗುವುದು ಮಾತ್ರ ಚೆಕ್ಕು, ಬರೆದವನಲ್ಲ. ಅವನು ಎಷ್ಟೋ ಸಲ ಮರುದಿನವೇ ಹೊಸ ಚೆಕ್ಕುಪುಸ್ತಕ ಹಿಡಿದು ತಿರುಗಾಡುತ್ತಿರುತ್ತಾನೆ.

ಇವೆಲ್ಲ ಹೊರಗಿನಿಂದ ಎರಚುವ ಶಬ್ದಗಳಾದರೆ ‘ಶೇಮ್’ ಒಳಗಿನ ಶಬ್ದ. ಇದು ಲ್ಯಾಟಿನ್ನಿನಿಂದ ಬಂದದ್ದಲ್ಲ, ಇಂಗ್ಲಿಷಿನ ಅಡುಗೆಮನೆಯಲ್ಲೇ ಹುಟ್ಟಿದ್ದು. ‘ಮುಚ್ಚಿಕೊಳ್ಳು’ ಎಂಬರ್ಥದ ಧಾತುವಿನಿಂದ ಬಂದಿರಬಹುದೆಂದು ಕೆಲವು ಭಾಷಾಶಾಸ್ತ್ರಜ್ಞರ ಊಹೆ. ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವ ಹೆಂಗಸರನ್ನು ಕಂಡ ನಮಗೆ ಈ ಊಹೆಯನ್ನು ನಂಬುವುದು ಕಷ್ಟವಲ್ಲ. ನಮ್ಮ ‘ನಾಚಿಕೆ’ಯಲ್ಲಿ ಮದುವಣಗಿತ್ತಿಯ ಸಂಕೋಚವೂ ಇದೆ, ತಪ್ಪು ಮಾಡಿದವನ ತಲೆತಗ್ಗಿಸುವಿಕೆಯೂ ಇದೆ. ಇಂಗ್ಲಿಷಿಗೂ ಒಂದು ಕಾಲದಲ್ಲಿ ಈ ಎರಡು ಮುಖ ಇದ್ದವು. ‘ಶೇಮ್‌ಫಾಸ್ಟ್’ ಎಂಬ ಶಬ್ದವಿತ್ತು. ನಾಚಿಕೆಯಲ್ಲಿ ದೃಢವಾಗಿ ನಿಂತವಳು, ಅಂದರೆ ಮರ್ಯಾದಸ್ಥೆ ಎಂದು ಅರ್ಥ. 1611ರ ಬೈಬಲ್ ಅನುವಾದದಲ್ಲಿ ಹೆಂಗಸರ ಉಡುಗೆತೊಡುಗೆಯ ಮಾತು ಬರುವಲ್ಲಿ ಇದರ ರೂಪವಿದೆ. ‘ಫಾಸ್ಟ್’ ಎಂದರೆ ಗಟ್ಟಿ ಎಂಬುದು ಜನಕ್ಕೆ ಮರೆತುಹೋಗಿ, ಅದನ್ನು ‘ಫೇಸ್’ ಎಂದು ತಿಳಿದು, ಶಬ್ದ ‘ಶೇಮ್‌ಫೇಸ್ಡ್’ ಆಯಿತು. ಗುಣವಾಗಿದ್ದದ್ದು ಮುಖದ ಬಣ್ಣವಾಯಿತು. ಈಗ ಆ ಶಬ್ದ ಸಿಕ್ಕಿಬಿದ್ದು ಪೆಚ್ಚಾದವನಿಗೆ ಮಾತ್ರ ಮೀಸಲು. ನಮ್ಮ ತೋಟದ ಅಂಚಿನಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಗಿಡಕ್ಕೆ ಸಸ್ಯಶಾಸ್ತ್ರದ ಹೆಸರು ‘ಮಿಮೋಸಾ ಪುಡಿಕಾ’. ಪುಡಿಕಾ ಎಂದರೆ ನಾಚುವವಳು. ಅದೇ ಲ್ಯಾಟಿನ್ ಕುಲದಿಂದ ಬಂದ ‘ಇಂಪುಡೆಂಟ್’ ಎಂದರೆ ನಾಚಿಕೆಗೆಟ್ಟ, ಉದ್ಧಟ. ಗಿಡಕ್ಕಿರುವುದು ಮನುಷ್ಯನಿಗಿಲ್ಲದಾಗ ಬೇಕಾಗುವ ಶಬ್ದ.

ದಿನಬಳಕೆಯಲ್ಲಿ ‘ಶೇಮ್’ ಬಹಳ ಸವೆದಿದೆ. ‘ವಾಟ್ ಎ ಶೇಮ್’ ಎಂದರೆ ಎಂಥ ನಾಚಿಕೆಗೇಡು ಎಂದಲ್ಲ, ‘ಛೇ, ಪಾಪ’ ಎಂದು. ದಕ್ಷಿಣ ಆಫ್ರಿಕದ ಇಂಗ್ಲಿಷಿನಲ್ಲಂತೂ ಮುದ್ದಾದ ಕೂಸನ್ನು ಕಂಡರೂ ‘ಶೇಮ್’ ಎನ್ನುತ್ತಾರೆ. ಇದು ವಿಚಿತ್ರವೆನಿಸಿದರೆ ನಮ್ಮ ‘ಪಾಪ’ವನ್ನೇ ನೆನೆಯಿರಿ. ನರಕಕ್ಕೆ ಕಳಿಸುವ ಪಾಪ ಯಾವಾಗಲೋ ಕರುಣೆಯ ಉದ್ಗಾರವಾಗಿ, ಕೊನೆಗೆ ತೊಟ್ಟಿಲ ಪಾಪುವಿಗೂ ಹತ್ತಿರ ಬಂದು ಕೂತಿದೆ. ‘ಪುಟ್ ಟು ಶೇಮ್’ ಎಂದರೆ ಮೀರಿಸುವುದು. ‘ಮಲ್ಲಿಗೆಯನ್ನೂ ನಾಚಿಸುವ ಬಿಳುಪು’ ಎಂದು ನಾವೂ ಹೇಳುತ್ತೇವೆ. ‘ಎಂಬರಾಸ್‌ಮೆಂಟ್’ ಇವೆಲ್ಲದರ ಕಿರಿಯ ತಂಗಿ; ಅದಕ್ಕೆ ‘ಅವಮಾನ’ ಎಂದು ಅರ್ಥ ಬರೆಯುವುದು ಅನ್ಯಾಯ. ಅಂಗಡಿಯಲ್ಲಿ ದುಡ್ಡು ಕೊಡಲು ಹೋಗಿ ಪರ್ಸು ಮನೆಯಲ್ಲಿ ಮರೆತದ್ದು ಗೊತ್ತಾದಾಗ ಆಗುವುದು ಮುಜುಗರ. ಅಲ್ಲಿ ಪಾಪವೂ ಇಲ್ಲ, ಅಪಕೀರ್ತಿಯೂ ಇಲ್ಲ.

ಈಗ ಕಾದಂಬರಿಗಳ ಕಡೆ ಹೋಗೋಣ. ಹಾಥಾರ್ನ್ 1850ರಲ್ಲಿ ಬರೆದ ‘ದಿ ಸ್ಕಾರ್ಲೆಟ್ ಲೆಟರ್’ ಕಥೆ ಬಹಳ ಜನಕ್ಕೆ ಗೊತ್ತು. ಹದಿನೇಳನೆಯ ಶತಮಾನದ ಬಾಸ್ಟನ್ ಪಟ್ಟಣ. ಗಂಡ ಜೊತೆಯಲ್ಲಿಲ್ಲದ ಹೆಸ್ಟರ್ ಮಗುವನ್ನು ಹಡೆದಿದ್ದಾಳೆ. ಎದೆಯ ಮೇಲೆ ಕೆಂಪು ‘ಎ’ ಅಕ್ಷರ ಹೊತ್ತು ಸಂತೆಮಾಳದ ಕಟ್ಟೆಯ ಮೇಲೆ ನಿಲ್ಲಬೇಕೆಂದು ಶಿಕ್ಷೆಯಾಗಿದೆ. ಮಗುವಿನ ತಂದೆ ಊರಿನ ಪೂಜ್ಯ ಪಾದ್ರಿ ಡಿಮ್ಸ್‌ಡೇಲ್. ಅವನ ಹೆಸರನ್ನು ಅವಳು ಹೇಳುವುದಿಲ್ಲ. ಈ ಪುಸ್ತಕದಲ್ಲಿ ‘ಇಗ್ನೊಮಿನಿ’ ಶಬ್ದ ಮತ್ತೆ ಮತ್ತೆ ಬರುತ್ತದೆ, ಬರುವುದು ಹೆಚ್ಚಾಗಿ ಹೆಸ್ಟರಳ ಸುತ್ತ. ಅವಳು ಆ ಅಕ್ಷರವನ್ನು ಬಂಗಾರದ ದಾರದಲ್ಲಿ ಕಸೂತಿ ಮಾಡಿ ತೊಡುತ್ತಾಳೆ. ಊರು ಕೊಟ್ಟದ್ದನ್ನು ತಿರಸ್ಕರಿಸಲಿಲ್ಲ, ತನ್ನ ಕೈಕೆಲಸದಿಂದ ತನ್ನದಾಗಿ ಮಾಡಿಕೊಂಡಳು. ಪಾದ್ರಿಗಾದರೋ ಇಗ್ನೊಮಿನಿ ಇಲ್ಲವೇ ಇಲ್ಲ. ವೇದಿಕೆಯ ಮೇಲೆ ನಿಂತು ‘ನಾನು ಪಾಪಿ’ ಎಂದು ಅವನು ಹೇಳಿಕೊಂಡಷ್ಟೂ ಜನ ಅವನನ್ನು ಇನ್ನೂ ದೊಡ್ಡ ಸಂತನೆಂದು ತಿಳಿಯುತ್ತಾರೆ. ಅವನಲ್ಲಿರುವುದು ಬರೀ ಶೇಮ್, ಅದು ಅವನನ್ನು ಒಳಗಿನಿಂದ ತಿಂದು ಮುಗಿಸುತ್ತದೆ. ಹೆಸರು ಕೆಟ್ಟವಳು ಬದುಕಿದಳು, ಹೆಸರು ಉಳಿಸಿಕೊಂಡವನು ಸತ್ತ. ಎರಡು ಶಬ್ದಕ್ಕೂ ‘ಅವಮಾನ’ ಎಂದು ಬರೆದುಕೊಂಡು ಓದುವ ವಿದ್ಯಾರ್ಥಿಗೆ ಇಬ್ಬರ ಕಷ್ಟವೂ ಒಂದೇ ಆಗಿ ಕಾಣುತ್ತದೆ; ಹಾಥಾರ್ನ್ ಪುಸ್ತಕ ಬರೆದ ಕಾರಣವೇ ಕೆಟ್ಟುಹೋಗುತ್ತದೆ.

ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರದು. ಬೆನೆಟ್ ಮನೆಯ ಕಿರಿಮಗಳು ಲಿಡಿಯಾ ಸೈನ್ಯದ ಅಧಿಕಾರಿ ವಿಕಮ್ ಜೊತೆ ಓಡಿಹೋಗುತ್ತಾಳೆ. ಡಿಸ್‌ಗ್ರೇಸ್ ಬಂದದ್ದು ಇಡೀ ಕುಟುಂಬಕ್ಕೆ. ನಾಲ್ಕು ಅಕ್ಕಂದಿರ ಮದುವೆಯ ದಾರಿ ಮುಚ್ಚಿಹೋಗುವ ಹಾಗಾಗುತ್ತದೆ. ದಾಯಾದಿ ಕಾಲಿನ್ಸ್, ಇದಕ್ಕಿಂತ ಮಗಳು ಸತ್ತಿದ್ದರೇ ವಾಸಿಯಿತ್ತು ಎಂಬ ಧಾಟಿಯಲ್ಲಿ ಸಾಂತ್ವನದ ಕಾಗದ ಬರೆಯುತ್ತಾನೆ. ಇಂಥ ಕಾಗದ ಬರೆಯುವ ಬಂಧುಗಳು ಇಂಗ್ಲೆಂಡಿನಲ್ಲಿ ಮಾತ್ರ ಇರುವುದಿಲ್ಲ. ಲಿಡಿಯಾ ಮಾತ್ರ ಮದುವೆ ಮುಗಿಸಿ ತವರಿಗೆ ಬಂದವಳೇ, ಈಗ ತಾನು ಮುತ್ತೈದೆ, ಹಿರಿಯಕ್ಕನಿಗಿಂತ ತನಗೇ ಮುಂದಿನ ಸ್ಥಾನ ಸಲ್ಲಬೇಕೆಂದು ಊಟದ ಮನೆಗೆ ನಡೆಯುತ್ತಾಳೆ. ಅವಳಲ್ಲಿ ಶೇಮ್ ಹುಡುಕಿದರೂ ಸಿಗದು. ಅದನ್ನು ಅವಳ ಪಾಲಿಗೂ ಸೇರಿಸಿ ಅನುಭವಿಸಿದವಳು ಅಕ್ಕ ಎಲಿಜಬೆತ್. ಇನ್ನು ತಂದೆ, ತಪ್ಪು ತನ್ನದೆಂದು ಒಪ್ಪುತ್ತಾನೆ. ಆ ನೋವು ಬೇಗ ಹೊರಟುಹೋಗುತ್ತದೆ ಎಂದೂ ತಾನೇ ಹೇಳಿಬಿಡುತ್ತಾನೆ. ಒಂದೇ ಮನೆಯಲ್ಲಿ ಒಂದೇ ಘಟನೆಗೆ ನಾಚಿಕೆಯ ಪಾಲು ಎಷ್ಟು ಅನ್ಯಾಯವಾಗಿ ಹಂಚಿಕೆಯಾಗುತ್ತದೆ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಪುಸ್ತಕವನ್ನು ನಾನು ಓದಿಲ್ಲ. ವಿಕಮ್‌ನ ಸಾಲಗಳಲ್ಲೂ ಎರಡು ಬಗೆ. ಅಂಗಡಿಯವರ ಸಾಲ ಒಂದು, ಜೂಜಿನಲ್ಲಿ ಸೋತದ್ದು ಇನ್ನೊಂದು. ಎರಡನೆಯದಕ್ಕೆ ಆ ಕಾಲದವರು ‘ಡೆಟ್ಸ್ ಆಫ್ ಆನರ್’ ಎನ್ನುತ್ತಿದ್ದರು, ಮಾನದ ಸಾಲ. ದರ್ಜಿಗೆ ಕೊಡದಿದ್ದರೆ ಮಾನ ಹೋಗುವುದಿಲ್ಲ, ಇಸ್ಪೀಟಿನ ಜೊತೆಗಾರನಿಗೆ ಕೊಡದಿದ್ದರೆ ಹೋಗುತ್ತದೆ! ಮಾನ ಎಂಬುದು ಎಷ್ಟು ಸಲ ದೊಡ್ಡವರು ತಮ್ಮತಮ್ಮಲ್ಲೇ ಮಾಡಿಕೊಂಡ ಒಪ್ಪಂದವಾಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾನ್ರಾಡನ ‘ಲಾರ್ಡ್ ಜಿಮ್’ 1900ರದು. ಪಟ್ನಾ ಎಂಬ ಹಡಗು ಎಂಟುನೂರು ಯಾತ್ರಿಕರನ್ನು ಹೊತ್ತು ಹೋಗುತ್ತಿರುವಾಗ ತಳಕ್ಕೆ ಪೆಟ್ಟಾಗುತ್ತದೆ. ಮುಳುಗುತ್ತದೆಂದು ಹೆದರಿ ಅಧಿಕಾರಿಗಳು ದೋಣಿಗೆ ಇಳಿಯುತ್ತಾರೆ, ಕೊನೆಯ ಗಳಿಗೆಯಲ್ಲಿ ಜಿಮ್ ಕೂಡ ಹಾರುತ್ತಾನೆ. ಹಡಗು ಮುಳುಗುವುದಿಲ್ಲ. ವಿಚಾರಣೆಗೆ ನಿಂತವನು ಜಿಮ್ ಒಬ್ಬನೇ. ಅವನ ಅರ್ಹತಾಪತ್ರ ರದ್ದಾಗುತ್ತದೆ. ಡಿಸ್‌ಗ್ರೇಸ್ ಅಲ್ಲಿಗೆ ಮುಗಿಯಿತು, ಜನ ಮರೆತರು. ಆದರೆ ಪಟ್ನಾದ ಸುದ್ದಿ ಎತ್ತಿದವರಿದ್ದ ಊರಿನಲ್ಲಿ ಅವನಿಗೆ ಮರುದಿನ ಇರಲಾಗುವುದಿಲ್ಲ, ಬಂದರಿನಿಂದ ಬಂದರಿಗೆ ಹೋಗುತ್ತಾನೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದವನು ಬ್ರೈಯರ್ಲಿ. ವಿಚಾರಣೆಯಲ್ಲಿ ತೀರ್ಪು ಕೊಡಲು ಕುಳಿತವರಲ್ಲಿ ಅವನೊಬ್ಬ, ಒಂದು ಕಪ್ಪುಚುಕ್ಕೆ ಇಲ್ಲದ ಕಪ್ತಾನ. ಕೆಲವೇ ದಿನಗಳಲ್ಲಿ ಅವನು ತನ್ನ ಹಡಗಿನಿಂದ ಸಮುದ್ರಕ್ಕೆ ಹಾರಿ ಪ್ರಾಣ ಬಿಡುತ್ತಾನೆ. ಆ ಜಾಗದಲ್ಲಿ ತಾನಿದ್ದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಅವನಿಗೆ ಬಿದ್ದಿರಬೇಕು. ಯಾರೂ ಬೆರಳು ತೋರಿಸದಿದ್ದರೂ ಶೇಮ್ ಬರಬಹುದು ಎಂಬುದನ್ನು ಕಾನ್ರಾಡ್ ಕೆಲವೇ ಪುಟಗಳಲ್ಲಿ ಹೇಳಿಬಿಟ್ಟಿದ್ದಾನೆ.

1999ರಲ್ಲಿ ಬಂದು ಬುಕರ್ ಬಹುಮಾನ ಪಡೆದ ಕುಟ್ಸೀಯವರ ಕಾದಂಬರಿಯ ಹೆಸರೇ ‘ಡಿಸ್‌ಗ್ರೇಸ್’. ಅಧ್ಯಾಪಕಿಯಾಗಿ ನನಗೆ ಇದನ್ನು ಸುಲಭವಾಗಿ ಓದಲಾಗಲಿಲ್ಲ. ಕೇಪ್‌ಟೌನಿನ ಪ್ರಾಧ್ಯಾಪಕ ಲೂರಿ ತನ್ನ ವಿದ್ಯಾರ್ಥಿನಿಯನ್ನು ಬಳಸಿಕೊಳ್ಳುತ್ತಾನೆ. ವಿಚಾರಣಾ ಸಮಿತಿಯ ಮುಂದೆ ‘ತಪ್ಪಿತಸ್ಥ’ ಎಂದು ಬರೆದುಕೊಳ್ಳಿ ಎನ್ನುತ್ತಾನೆ, ಪಶ್ಚಾತ್ತಾಪದ ಹೇಳಿಕೆಗೆ ಮಾತ್ರ ಒಪ್ಪುವುದಿಲ್ಲ. ಸಮಿತಿಗೆ ಬೇಕಾದದ್ದು ಪ್ರದರ್ಶನಕ್ಕಿಡಬಹುದಾದ ನಾಚಿಕೆ. ಹಾಗೆ ಪ್ರದರ್ಶಿಸಿದ್ದು ಸುಳ್ಳೆಂಬ ಅವನ ವಾದ ಸರಿಯೇ. ಆದರೆ ಆ ವಾದದ ಮರೆಯಲ್ಲಿ ಹುಡುಗಿಗೆ ಏನಾಯಿತೆಂದು ಯೋಚಿಸುವುದನ್ನು ಅವನು ಬಹಳ ದಿನ ತಪ್ಪಿಸಿಕೊಳ್ಳುತ್ತಾನೆ. ತನ್ನ ಮಗಳ ಮೇಲೆಯೇ ಅತ್ಯಾಚಾರ ನಡೆದು, ಅವಳು ಅದನ್ನು ಪೊಲೀಸರಿಗೆ ಹೇಳದೆ ಉಳಿದ ಮೇಲೆ ಅವನು ಆ ವಿದ್ಯಾರ್ಥಿನಿಯ ಮನೆಗೆ ಹೋಗಿ, ಅವಳ ತಾಯಿ ಮತ್ತು ತಂಗಿಯ ಮುಂದೆ ನೆಲಕ್ಕೆ ಹಣೆಯಿಟ್ಟು ಏಳುತ್ತಾನೆ. ಅವಕೃಪೆ ಮೊದಲು ಬಂತು, ನಾಚಿಕೆ ಬಹಳ ತಡವಾಗಿ ಬಂತು. ಎರಡರ ನಡುವಿನ ದೂರವೇ ಕಾದಂಬರಿ.

ಇಂಗ್ಲಿಷಿನವರು ಈ ಲೆಕ್ಕವನ್ನು ಯಾವಾಗಲೂ ಸರಿಯಾಗಿ ಮಾಡಿದ್ದಾರೆಂದು ಹೇಳಲಾರೆ. ‘ಒಥೆಲೊ’ ನಾಟಕವನ್ನು ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲೇ ‘ಶೂರಸೇನ ಚರಿತ್ರೆ’ಯಾಗಿ ಕನ್ನಡಕ್ಕೆ ತಂದರು. ಅದರ ಖಳ ಇಯಾಗೊ, ಹೆಸರು ಕೆಟ್ಟಿತೆಂದು ಅಳುವ ಕ್ಯಾಸಿಯೋನಿಗೆ, ಹೆಸರೆಂಬುದು ಪೊಳ್ಳು ಎಂದು ಸಮಾಧಾನ ಹೇಳುತ್ತಾನೆ. ಮುಂದಿನ ಅಂಕದಲ್ಲಿ ಒಥೆಲೊನಿಗೆ, ಒಳ್ಳೆಯ ಹೆಸರಿಗಿಂತ ದೊಡ್ಡ ಒಡವೆಯಿಲ್ಲ ಎನ್ನುತ್ತಾನೆ. ಎರಡೂ ಮಾತು ಸುಂದರ, ಎರಡೂ ಅವನ ಕೈಯ ಆಯುಧ. ಗಂಡಸಿನ ಮಾನದ ಮಾತಿನಲ್ಲಿ ಸತ್ತವಳು ಡೆಸ್ಡಿಮೋನಾ. ಷೇಕ್ಸ್‌ಪಿಯರನದೇ ‘ಟೈಟಸ್ ಆಂಡ್ರೊನಿಕಸ್’ ನಾಟಕದಲ್ಲಿ ಅತ್ಯಾಚಾರಕ್ಕೆ ಒಳಗಾಗಿ, ನಾಲಿಗೆ, ಕೈ ಕತ್ತರಿಸಿಕೊಂಡ ಮಗಳನ್ನು ತಂದೆಯೇ ಔತಣದ ಪಂಕ್ತಿಯಲ್ಲಿ ಕೊಲ್ಲುತ್ತಾನೆ, ಅವಳ ಶೇಮ್ ಅವಳೊಂದಿಗೇ ಮುಗಿಯಲಿ ಎಂದು. ಅವಳ ಶೇಮ್! ಮಾಡಿದವರು ಇಬ್ಬರು ರಾಜಕುಮಾರರು, ನಾಚಿಕೆ ಮಾತ್ರ ಅವಳ ಖಾತೆಗೆ ಜಮಾ. ‘ಹೆಣ್ಣನ್ನು ಡಿಸ್‌ಆನರ್ ಮಾಡುವುದು’ ಎಂದು ಹಳೆಯ ಇಂಗ್ಲಿಷಿನಲ್ಲಿ ಹೇಳುತ್ತಿದ್ದಾಗಲೂ ಹಿಂದಕ್ಕೆ ಬಂದ ಚೆಕ್ಕಿನ ಕಥೆಯೇ. ಬರೆದವನು ಗೌರವಸ್ಥ, ಚೆಕ್ಕಿನ ಮೇಲೆ ಮುದ್ರೆ.

ಅಮೆರಿಕದ ವಿದುಷಿ ರೂತ್ ಬೆನೆಡಿಕ್ಟ್ 1946ರ ಪುಸ್ತಕವೊಂದರಲ್ಲಿ ಜಪಾನೀಯರದು ನಾಚಿಕೆಯ ಸಂಸ್ಕೃತಿ, ಪಾಶ್ಚಾತ್ಯರದು ಅಪರಾಧಪ್ರಜ್ಞೆಯ ಸಂಸ್ಕೃತಿ ಎಂಬ ವಿಂಗಡಣೆಯನ್ನು ಬಹಳ ಪ್ರಸಿದ್ಧ ಮಾಡಿದರು. ಯುದ್ಧದ ಕಾರಣ ಅವರು ಜಪಾನಿಗೆ ಹೋಗದೆಯೇ ಆ ಪುಸ್ತಕ ಬರೆದಿದ್ದರು. ಅಂದಿನಿಂದ ‘ಪೂರ್ವದವರಿಗೆ ನಾಲ್ಕು ಜನರ ಭಯ, ಪಶ್ಚಿಮದವರಿಗೆ ಆತ್ಮಸಾಕ್ಷಿಯ ಭಯ’ ಎಂದು ಹೇಳುವುದು ರೂಢಿಯಾಗಿದೆ. ಇಂಗ್ಲಿಷ್ ನಿಘಂಟನ್ನು ತೆರೆದಿಟ್ಟುಕೊಂಡು ನೋಡಿದರೆ ನನಗೆ ಈ ಮಾತು ನಿಲ್ಲುವಂತೆ ಕಾಣುವುದಿಲ್ಲ. ನಾಲ್ಕು ಜನರ ಭಯವಿಲ್ಲದ ಭಾಷೆ ಅದಕ್ಕೆ ಇಷ್ಟು ಹೆಸರುಗಳನ್ನು ಇಟ್ಟುಕೊಂಡಿರುತ್ತದೆಯೆ?

ಇದನ್ನೆಲ್ಲ ಒಬ್ಬ ಶಾಲಾ ಅಧ್ಯಾಪಕಿ ಏಕೆ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕು ಎಂದು ಕೇಳಬಹುದು. ಹಿಂದೆ ನಾನಿದ್ದ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಚೀಲದಲ್ಲಿ ಒಂದು ಚೀಟಿ ಸಿಕ್ಕಿತು. ಬರೆದವಳು ಅವಳಲ್ಲ, ಬರೆದು ಹಾಕಿದ ಹುಡುಗ ಯಾರೆಂಬುದು ಅಕ್ಷರದಿಂದಲೇ ತಿಳಿಯುತ್ತಿತ್ತು. ಮರುದಿನ ಪ್ರಾರ್ಥನೆಯ ಹೊತ್ತಿಗೆ ಹಿರಿಯರೊಬ್ಬರು ಹೆಸರು ಹಿಡಿದು, ಅವಳು ಶಾಲೆಗೇ ಡಿಸ್‌ಗ್ರೇಸ್ ಎಂದರು. ಹುಡುಗನಿಗೆ ಕೋಣೆಯೊಳಗೆ ಬುದ್ಧಿವಾದವಾಯಿತು. ಆಮೇಲೆ ಅವಳು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವಳ ಮನೆಗೆ ಹೋದೆ. ತಾಯಿ, “ತಪ್ಪು ಅವಳದ್ದಲ್ಲ ಅಂತ ನಂಗೂ ಗೊತ್ತು ಮೇಡಂ, ಆದ್ರೆ ನಾಲ್ಕು ಜನರ ಮುಂದೆ ಮಾತು ಬಂದುಬಿಡ್ತಲ್ಲ” ಎಂದರು. ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಬಹಳ ಹೊತ್ತಿನ ಮೇಲೆ ಕೇಳಿದ್ದು ಒಂದೇ ಮಾತು: “ಡಿಸ್‌ಗ್ರೇಸ್ ಅಂದ್ರೆ ಏನು ಮೇಡಂ?”

ಅರ್ಥ ಗೊತ್ತಿಲ್ಲದ ಶಬ್ದವನ್ನು ಆ ಮಗು ನಾಲ್ಕು ದಿನ ಹೊತ್ತಿತ್ತು. ನಾನು ನಿಘಂಟಿನ ಅರ್ಥ ಹೇಳಲಿಲ್ಲ. “ದೊಡ್ಡವರು ಮುಖ ತಿರುಗಿಸಿಕೊಂಡರು ಅಂತ ಅರ್ಥ. ಅದು ಅವರ ಕತ್ತಿನ ವಿಷಯ, ನಿನ್ನದಲ್ಲ. ನೀನು ಮಾಡಿದ್ದಕ್ಕೆ ನಿನಗೇ ಒಳಗೆ ಚುಚ್ಚಿದರೆ ಅದಕ್ಕೆ ಬೇರೆ ಶಬ್ದ ಇದೆ. ಹಾಗೇನಾದರೂ ಚುಚ್ಚುತ್ತಾ?” ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಮುಂದಿನ ವಾರ ಬಂದು ಕಿರುಪರೀಕ್ಷೆ ಬರೆದಳು. ಒಂದು ಶಬ್ದದ ವಿವರಣೆಯಿಂದ ಬದುಕು ಬದಲಾಯಿತೆಂದು ನಾನು ಹೇಳುವುದಿಲ್ಲ. ಬಾಗಿಲ ಹಿಂದಿನಿಂದ ಈಚೆ ಬರಲು ಅವಳಿಗೆ ಅಷ್ಟು ಸಾಕಾಯಿತು.

ನಮ್ಮ ಪತ್ರಿಕೆಗಳ ಭಾಷೆಯಲ್ಲೂ ಈ ಲೆಕ್ಕದ ತಪ್ಪು ಬಹಳ ದಿನದಿಂದ ನಡೆದುಬಂದಿದೆ. 1860ರ ದಂಡಸಂಹಿತೆಯಲ್ಲಿ ಹೆಣ್ಣಿನ ‘ಮಾಡೆಸ್ಟಿ’ಯ ಮೇಲೆ ದೌರ್ಜನ್ಯವೆಸಗುವುದು ಅಪರಾಧವೆಂದಿತ್ತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಶಬ್ದವನ್ನು ಉಳಿಸಿಕೊಂಡಿದೆ. ಕನ್ನಡದಲ್ಲಿ ಅದು ‘ಮಾನಭಂಗ’ವಾಯಿತು. ಭಂಗವಾದದ್ದು ಯಾರ ಮಾನ? ಮೈಮೇಲೆ ಬಿದ್ದವನದೋ, ಅವಳದೋ? ಶಬ್ದ ಕೊಡುವ ಉತ್ತರ ನಮಗೆಲ್ಲ ಗೊತ್ತು. ಫ್ರಾನ್ಸಿನ ಅವಿನ್ಯೋನ್ ಪಟ್ಟಣದ ನ್ಯಾಯಾಲಯದಲ್ಲಿ 2024ರಲ್ಲಿ ಜಿಸೇಲ್ ಪೆಲಿಕೊ ಎಂಬ ಎಪ್ಪತ್ತು ದಾಟಿದ ಮಹಿಳೆ, ಗಂಡನೇ ತನಗೆ ಮದ್ದು ಕೊಟ್ಟು ಪರಪುರುಷರಿಗೆ ಒಪ್ಪಿಸಿದ ಮೊಕದ್ದಮೆಯನ್ನು ಮುಚ್ಚಿದ ಬಾಗಿಲಿನೊಳಗೆ ನಡೆಸಬೇಡಿ, ಎಲ್ಲರೂ ನೋಡಲಿ ಎಂದರು. ನಾಚಿಕೆ ಪಕ್ಷ ಬದಲಿಸಬೇಕು ಎಂಬುದು ಅಲ್ಲಿನ ಮಾತಾಯಿತು. ಡಿಸೆಂಬರಿನಲ್ಲಿ ಐವತ್ತೊಂದು ಗಂಡಸರಿಗೂ ಶಿಕ್ಷೆಯಾಯಿತು. ಇಂಗ್ಲಿಷ್ ಪತ್ರಿಕೆಗಳು ಆ ಮಾತನ್ನು ಅನುವಾದಿಸಿ ಅಚ್ಚುಮಾಡಿದಾಗ, ಷೇಕ್ಸ್‌ಪಿಯರನ ಆ ತಂದೆಗೆ ನಾಲ್ಕು ನೂರು ವರ್ಷಗಳ ಮೇಲೆ ಕೊಟ್ಟ ಉತ್ತರದಂತೆ ನನಗೆ ಕಂಡಿತು.

ಒಂದು ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಮುಂದೆ ಹೋಗಿದೆ ಎಂದು ಸಂತೋಷಪಡಬಹುದು. ಜಾತಿ ಮೀರಿ ಮದುವೆಯಾದ ಮಗಳನ್ನು ಮನೆಯವರೇ ಕೊಲ್ಲುವುದಕ್ಕೆ ಇಂಗ್ಲಿಷಿನಲ್ಲಿ ‘ಆನರ್ ಕಿಲ್ಲಿಂಗ್’ ಎನ್ನುತ್ತಾರೆ. ಕೊಂದವನು ಹೇಳಿಕೊಂಡ ಕಾರಣವನ್ನೇ ಕೃತ್ಯದ ಹೆಸರಾಗಿ ಇಟ್ಟ ಹಾಗಾಯಿತು. ನಮ್ಮಲ್ಲೂ ಕೆಲವರು ‘ಮರ್ಯಾದಾ ಹತ್ಯೆ’ ಎಂದೇ ಬರೆಯುತ್ತಾರೆ. ಆದರೆ ಹಲವು ಕನ್ನಡ ಪತ್ರಿಕೆಗಳು ‘ಮರ್ಯಾದೆಗೇಡು ಹತ್ಯೆ’ ಎಂದು ಬರೆಯುತ್ತಿವೆ. ಮರ್ಯಾದೆ ಕೆಡಿಸಿಕೊಂಡವರು ಕೊಂದವರು, ಕೊಲೆಯಾದವಳಲ್ಲ ಎಂದು ಆ ಎರಡಕ್ಷರದ ‘ಗೇಡು’ ಗಟ್ಟಿಯಾಗಿ ಹೇಳುತ್ತದೆ. ಈ ತಿದ್ದುಪಡಿ ರೂಸ್‌ವೆಲ್ಟರ ತಿದ್ದುಪಡಿಗಿಂತ ಕಡಿಮೆಯದಲ್ಲ.

ಮಕ್ಕಳಿಗೆ ಈ ಶಬ್ದಗಳನ್ನು ಕಲಿಸುವವರಿಗೆ ನನ್ನದೊಂದು ಸಲಹೆ. ಅರ್ಥದ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆಸಿರಿ. ಅದರಲ್ಲಿ ‘ಯಾರು ಕೊಟ್ಟದ್ದು’ ಎಂದು ಬರೆಯಿಸಿರಿ. ಇಗ್ನೊಮಿನಿ ಊರು ಕೊಟ್ಟದ್ದು, ಡಿಸ್‌ಗ್ರೇಸ್ ದೊಡ್ಡವರು ಕೊಟ್ಟದ್ದು, ಇನ್ಫಮಿ ಬಾಯಿಮಾತು ಕೊಟ್ಟದ್ದು, ಸ್ಟಿಗ್ಮಾ ಚುಚ್ಚಿದವರು ಕೊಟ್ಟದ್ದು. ಶೇಮ್ ಒಂದರ ಮುಂದೆ ಮಾತ್ರ ಜಾಗ ಖಾಲಿ ಬಿಡಿ. ಅದನ್ನು ಯಾರೂ ಯಾರಿಗೂ ಕೊಡಲಾಗುವುದಿಲ್ಲ. ಇದ್ದವರಲ್ಲಿ ಇರುತ್ತದೆ, ಇರಬೇಕಾದವರಲ್ಲಿ ಎಷ್ಟೋ ಸಲ ಇರುವುದಿಲ್ಲ. ‘ಮೂರೂ ಬಿಟ್ಟವರು ಊರಿಗೆ ದೊಡ್ಡವರು’ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.